ಹಾಲ್‌ನಲ್ಲಿ ಕೆಮ್ಮು ಶುರುವಾಗುವುದು ಯಾವಾಗ?

ಎಲ್ಲರಿಗೂ ನಮಸ್ಕಾರ.

ನಾನು ನಾಟಕ ಬರೆದವನಲ್ಲ, ಆಡಿಸಿದವನೂ ಅಲ್ಲ. ತುಂಬಾ ವರ್ಷ ಲೈಟ್ಸ್ ಮಾಡಿದವನು. ಲೈಟ್ ಬೋರ್ಡ್ ಇರುವುದು ಹಾಲ್‌ನ ಹಿಂಬದಿಯಲ್ಲಿ. ಅಲ್ಲಿಂದ ಜನರ ಮುಖ ಕಾಣುವುದಿಲ್ಲ, ತಲೆಗಳಷ್ಟೇ ಕಾಣುತ್ತವೆ. ಹಾಗಾಗಿ ಪ್ರೇಕ್ಷಕರನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ. ಕೆಮ್ಮು, ಕುರ್ಚಿಯ ಕಿರ್ರ್ ಸದ್ದು, ಬ್ಯಾಗಿನ ಜಿಪ್ಪು. ಈಗ ಫೋನಿನ ಬೆಳಕೂ ಸೇರಿಕೊಂಡಿದೆ. ಕತ್ತಲಲ್ಲಿ ಒಂದು ಫೋನ್ ಹೊತ್ತಿಕೊಂಡರೆ ಹಿಂದಿನಿಂದ ಮಿಣುಕುಹುಳದ ಹಾಗೆ ಕಾಣುತ್ತದೆ. ಒಂದು ಹೊತ್ತಿದರೆ ಇನ್ನೆರಡು ಹೊತ್ತುವುದು ಗ್ಯಾರಂಟಿ.

ಇವತ್ತು ಮಾತಾಡಬೇಕಿರುವುದು ನಿಧಾನದ ನಾಟಕದ ಬಗ್ಗೆ. ಕಥೆ ಅಂತ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ. ಮೂರು ನಾಲ್ಕು ಜನ ಇರುತ್ತಾರೆ, ಅವರ ಸ್ವಭಾವವೇ ನಾಟಕ. ಮುಗಿದ ಮೇಲೆ ಬಾಗಿಲ ಬಳಿ ಎರಡೇ ಮಾತು ಕೇಳಿಸುತ್ತವೆ. ಒಂದು "ಅದ್ಭುತ". ಇನ್ನೊಂದು "ಏನೂ ಆಗ್ಲೇ ಇಲ್ವಲ್ಲ". ಇಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ. ಎರಡನೆಯವರನ್ನು ಕಂಡರೆ ನಮ್ಮ ರಂಗದ ಜನಕ್ಕೆ ಸ್ವಲ್ಪ ತಾತ್ಸಾರ. "ಜನಕ್ಕೆ ತಾಳ್ಮೆ ಇಲ್ಲ ಈಗ" ಅಂದುಬಿಡುತ್ತೇವೆ. "ಈಗ" ಅನ್ನುವ ಆ ಮಾತು ಮಾತ್ರ ಸುಳ್ಳು.

1896ರ ಅಕ್ಟೋಬರ್. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಅಲೆಕ್ಸಾಂಡ್ರಿನ್ಸ್ಕಿ ಥಿಯೇಟರ್. ರಷ್ಯನ್ ಲೇಖಕ ಆಂಟನ್ ಚೆಕಾವ್‌ನ 'ಸೀಗಲ್' ನಾಟಕದ ಮೊದಲ ರಾತ್ರಿ. ಜನ ನಕ್ಕರು, ಶಿಳ್ಳೆ ಹೊಡೆದರು. ಕೊನೆಯ ಅಂಕಗಳ ಹೊತ್ತಿಗೆ ಚೆಕಾವ್ ಹಾಲ್ ಬಿಟ್ಟು ರಂಗದ ಹಿಂದೆ ಹೋಗಿ ಕೂತಿದ್ದ. ಇನ್ನು ನಾಟಕ ಬರೆಯುವುದೇ ಇಲ್ಲ ಅಂದುಕೊಂಡ. ಇಷ್ಟು ಕಥೆ ನಿಮಗೆಲ್ಲ ಗೊತ್ತಿರಬಹುದು. ಆದರೆ ಅವತ್ತು ಅಲ್ಲಿ ಬಂದು ಕೂತಿದ್ದವರು ಯಾರು ಅನ್ನುವುದನ್ನು ಹೇಳುವವರು ಕಡಿಮೆ. ಆ ರಾತ್ರಿಯ ಪ್ರದರ್ಶನ ಲೆವ್ಕೆಯೆವಾ ಎಂಬ ಹಾಸ್ಯನಟಿಯ ಸನ್ಮಾನಕ್ಕೆಂದು ಏರ್ಪಟ್ಟಿತ್ತು. 'ಸೀಗಲ್'ನಲ್ಲಿ ಆಕೆಗೆ ಪಾತ್ರವೇ ಇರಲಿಲ್ಲ! ಆಕೆಯ ಅಭಿಮಾನಿಗಳು ನಗಲು ತಯಾರಾಗಿ ಬಂದಿದ್ದರು. ನಗು ಸಿಗಲಿಲ್ಲ, ಅದಕ್ಕೆ ಸಿಕ್ಕಿದ್ದನ್ನೇ ನೋಡಿ ನಕ್ಕರು. ಕೆಲವೇ ದಿನದ ನಂತರ ಅದೇ ಥಿಯೇಟರ್‌ನಲ್ಲಿ, ಅದೇ ನಟರು, ಅದೇ ನಾಟಕ. ಈ ಸಲ ಬಂದವರು ಬೇರೆ ಜನ. ಚೆನ್ನಾಗಿಯೇ ಮೆಚ್ಚಿಕೊಂಡರು.

ಎರಡು ವರ್ಷ ಬಿಟ್ಟು, 1898ರ ಡಿಸೆಂಬರ್‌ನಲ್ಲಿ, ಮಾಸ್ಕೋ ಆರ್ಟ್ ಥಿಯೇಟರ್ ಅದನ್ನೇ ಆಡಿತು. ಮೊದಲ ಅಂಕ ಮುಗಿದು ತೆರೆ ಬಿತ್ತು. ಹಾಲ್‌ನಲ್ಲಿ ಸದ್ದೇ ಇಲ್ಲ. ತೆರೆಯ ಹಿಂದೆ ನಿಂತಿದ್ದ ನಟರು ಕೆಟ್ಟೆವು ಅಂದುಕೊಂಡರು. ಆಮೇಲೆ ಬಂತು ಚಪ್ಪಾಳೆ, ಅಲೆ ಬಂದ ಹಾಗೆ. ಆ ಸದ್ದಿಲ್ಲದ ಗಳಿಗೆಯನ್ನು ಯೋಚಿಸಿ. ತೆರೆಯ ಈಚೆಗೆ ಅದು ಮೆಚ್ಚುಗೆ, ಆಚೆಗೆ ಅದೇ ಮೌನ ನಡುಕ. ಪ್ರೇಕ್ಷಕರ ಪ್ರತಿಕ್ರಿಯೆ ಓದುವುದು ಅಷ್ಟು ಸುಲಭವಲ್ಲ ಅಲ್ವಾ?

ಐರಿಷ್ ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ' ವಿಷಯದಲ್ಲೂ ಇದೇ ಆಯಿತು, ಇನ್ನೂ ಜೋರಾಗಿ. 1956ರ ಜನವರಿಯಲ್ಲಿ ಅಮೆರಿಕದ ಮಯಾಮಿಯಲ್ಲಿ ಅದನ್ನು ಆಡಿದರು. ಎರಡು ಖಂಡಗಳನ್ನು ನಗಿಸಿದ ನಾಟಕ ಅಂತ ಜಾಹೀರಾತು ಕೊಟ್ಟಿದ್ದರು. ರಜೆ ಕಳೆಯಲು ಬಂದ ಜನ ನಗೋಣ ಅಂತ ಬಂದು ಕೂತರು. ರಂಗದ ಮೇಲೆ ನೋಡಿದರೆ ಒಂದು ಮರ, ಇಬ್ಬರು ಮನುಷ್ಯರು, ಬರದೇ ಇರುವ ಇನ್ನೊಬ್ಬ. ಇಂಟರ್ವಲ್‌ನಲ್ಲಿ ತುಂಬಾ ಜನ ಎದ್ದು ಹೋದರು. ಮಾರನೇ ವರ್ಷ ಅದೇ ನಾಟಕವನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಬೇರೊಂದು ತಂಡ ಆಡಿತು. ಮುಂದೆ ಕೂತಿದ್ದವರು ಸುಮಾರು 1400 ಕೈದಿಗಳು. ಆ ನಾಟಕ ಆರಿಸಿಕೊಂಡಿದ್ದಕ್ಕೆ ಒಂದು ಕಾರಣ ಅದರಲ್ಲಿ ಹೆಣ್ಣು ಪಾತ್ರ ಇಲ್ಲದಿದ್ದುದು. ಕಲೆಯ ಇತಿಹಾಸ ಎಷ್ಟೋ ಸಲ ಹೀಗೇ ನಡೆಯುತ್ತದೆ ನೋಡಿ. ಕೈದಿಗಳಿಗೆ ಆ ನಾಟಕವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕಾಯುವುದು ಅಂದರೆ ಏನು ಅಂತ ಅವರಿಗೆ ಗೊತ್ತಿತ್ತು.

ಹಾಗಾದರೆ ತಪ್ಪೆಲ್ಲ ಪೋಸ್ಟರಿನದ್ದೇ? ಅರ್ಧ ಪಾಲು ಹೌದು. ಟಿಕೆಟ್ ಕೊಳ್ಳುವಾಗ ಏನು ಸಿಗುತ್ತದೆ ಅಂತ ಹೇಳಿರುತ್ತೇವೋ, ಜನ ಅದನ್ನೇ ಹುಡುಕುತ್ತಾರೆ. ಉಳಿದ ಅರ್ಧ ನಮ್ಮದು, ಅಂದರೆ ರಂಗದ ಮೇಲಿನದ್ದು. ಇದಕ್ಕೆ ನಾನು ಕಣ್ಣಾರೆ, ಕಿವಿಯಾರೆ ಕಂಡಿದ್ದನ್ನು ಹೇಳುತ್ತೇನೆ.

ಒಂದು ನಾಟಕಕ್ಕೆ ಲೈಟ್ಸ್ ಮಾಡುತ್ತಿದ್ದೆ. ಅಪ್ಪ, ಮಗಳು, ಒಂದು ಮೇಜು. ಮಗಳು ಮನೆ ಬಿಟ್ಟು ಹೋಗುವವಳಿದ್ದಾಳೆ, ಅಪ್ಪನಿಗೆ ಇನ್ನೂ ಹೇಳಿಲ್ಲ. ಅಪ್ಪನ ಅಂಗಿಯ ಗುಂಡಿ ಕಿತ್ತುಹೋಗಿದೆ. ಅವನು ಸೂಜಿಗೆ ದಾರ ಪೋಣಿಸಲು ಕೂರುತ್ತಾನೆ. ಕಣ್ಣು ಮಂಜು. ದಾರದ ತುದಿ ಬಾಯಲ್ಲಿ ಒದ್ದೆ ಮಾಡುತ್ತಾನೆ, ಬೆರಳಲ್ಲಿ ಹೊಸೆಯುತ್ತಾನೆ, ಸೂಜಿಯನ್ನು ಬೆಳಕಿಗೆ ಹಿಡಿಯುತ್ತಾನೆ. ಹೋಗುವುದಿಲ್ಲ. ಮತ್ತೆ ಒದ್ದೆ ಮಾಡುತ್ತಾನೆ. ನಟ ನಿಜವಾದ ಸೂಜಿಯನ್ನೇ ಹಿಡಿಯುತ್ತಿದ್ದ. ಹಾಗಾಗಿ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನಮಗೂ ಗೊತ್ತಿರುತ್ತಿರಲಿಲ್ಲ. ಒಂದೂವರೆ ನಿಮಿಷ ಅಂತಿಟ್ಟುಕೊಳ್ಳಿ. ಮಾತಿಲ್ಲ, ಸಂಗೀತ ಇಲ್ಲ. ನನ್ನ ಕೈ ಬೋರ್ಡಿನ ಮೇಲೆ ಸುಮ್ನೆ ಇರುತ್ತಿತ್ತು.

ಮೊದಲ ಪ್ರದರ್ಶನದಲ್ಲಿ ಇಪ್ಪತ್ತನೇ ಸೆಕೆಂಡಿಗೆ ಮೊದಲ ಕೆಮ್ಮು. ನಲವತ್ತಕ್ಕೆ ಕುರ್ಚಿಗಳು. ಒಂದು ನಿಮಿಷಕ್ಕೆ ಮಿಣುಕುಹುಳಗಳು. ಅವತ್ತು ಬಂದಿದ್ದ ವಿಮರ್ಶಕರೊಬ್ಬರು ಸೂಜಿಯ ದೃಶ್ಯಕ್ಕೆ ಕತ್ತರಿ ಬೇಕು ಅನ್ನುವ ಅರ್ಥದಲ್ಲಿ ಬರೆದರು. ತಂಡದಲ್ಲಿ ಎಲ್ಲರಿಗೂ ಕೋಪ. "ಅವರಿಗೆ ಸೂಕ್ಷ್ಮ ಅರ್ಥವಾಗುವುದಿಲ್ಲ" ಅಂತ ಗ್ರೀನ್ ರೂಮಿನಲ್ಲಿ ಬೈದದ್ದೇ ಬೈದದ್ದು. ನಾನೂ ಬೈದೆ.

ನಿರ್ದೇಶಕಿ ಮಾತ್ರ ಬೈಯಲಿಲ್ಲ. ಸಮಯವನ್ನೂ ಕಡಿಮೆ ಮಾಡಲಿಲ್ಲ. ಒಂದೇ ಒಂದು ಬದಲಾವಣೆ ಮಾಡಿದರು. ಅಲ್ಲಿಯವರೆಗೆ ಮಗಳು ಆ ಹೊತ್ತಿನಲ್ಲಿ ಕಿಟಕಿಯ ಕಡೆ ತಿರುಗಿ ನಿಂತಿರುತ್ತಿದ್ದಳು. ಈಗ ಅವಳನ್ನು ಮೇಜಿನ ಈಚೆ ಕೂರಿಸಿ, ಸೂಜಿಯನ್ನೇ ನೋಡಲು ಹೇಳಿದರು. ಎರಡು ಸಲ ಅವಳ ಕೈ ಮೇಜಿನ ಮೇಲೆ ಒಂದಿಂಚು ಮುಂದೆ ಬರುತ್ತದೆ, ಮತ್ತೆ ಹಿಂದೆ ಹೋಗುತ್ತದೆ. ಅಷ್ಟೇ. ನನಗೂ ಆ ಕೈ ಮೇಲೆ ಸ್ವಲ್ಪ ಬೆಳಕು ಹೆಚ್ಚಿಸಲು ಹೇಳಿದರು.

ಎರಡನೇ ಪ್ರದರ್ಶನದಲ್ಲಿ ಕೆಮ್ಮೇ ಇಲ್ಲ. ಅದೇ ಒಂದೂವರೆ ನಿಮಿಷ! ಜನ ಈಗ ಸೂಜಿ ನೋಡುತ್ತಿರಲಿಲ್ಲ, ಅವಳು ಕೈ ಚಾಚುತ್ತಾಳಾ ಇಲ್ಲವಾ ಅಂತ ನೋಡುತ್ತಿದ್ದರು.

ಅವತ್ತಿಂದ ನನಗೆ ನಿಧಾನ ಬೇರೆ, ಸಡಿಲ ಬೇರೆ. ನಿಧಾನದಲ್ಲಿ ಕಾಯುವುದಕ್ಕೆ ಏನೋ ಒಂದಿರುತ್ತದೆ. ಸಡಿಲದಲ್ಲಿ ನಟ ತನ್ನ ಕ್ಯೂಗೆ, ಅಂದರೆ ತನ್ನ ಸರದಿಯ ಸೂಚನೆಗೆ, ಕಾಯುತ್ತಿರುತ್ತಾನೆ, ನಾವು ಇಂಟರ್ವಲ್‌ಗೆ. ಆ ವಿಮರ್ಶಕರು ಹೇಳಿದ ಮದ್ದು ತಪ್ಪಿರಬಹುದು. ನೋವು ಎಲ್ಲಿದೆ ಅಂತ ತೋರಿಸಿದ್ದು ಸರಿಯಾಗಿಯೇ ಇತ್ತು. ನಿಜ ಹೇಳಬೇಕೆಂದರೆ ನನಗೆ ಹೊಗಳುವ ವಿಮರ್ಶಕರ ಮೇಲೆಯೇ ಅನುಮಾನ ಜಾಸ್ತಿ. "ಮೌನವೇ ಮಾತಾಡುತ್ತದೆ" ಅಂತ ಒಂದು ಸಾಲು ಬರೆದುಬಿಟ್ಟರೆ ಮುಗಿಯಿತು. ಯಾವ ಮೌನ, ಯಾರ ಮೌನ, ಎಷ್ಟನೇ ನಿಮಿಷದ್ದು? ಹೇಳುವುದಿಲ್ಲ.

ಆದರೂ ವಿಮರ್ಶಕರು ಒಬ್ಬಂಟಿಯಾಗಿ ನಾಟಕದ ಪರ ನಿಂತದ್ದೂ ಉಂಟು. ಹೆರಾಲ್ಡ್ ಪಿಂಟರ್‌ನ 'ದಿ ಬರ್ತ್‌ಡೇ ಪಾರ್ಟಿ' 1958ರ ಮೇ ತಿಂಗಳಲ್ಲಿ ಲಂಡನ್ನಿಗೆ ಬಂತು. ಪತ್ರಿಕೆಗಳು ಹಿಗ್ಗಾಮುಗ್ಗಾ ಬೈದವು. ಒಂದು ಮಧ್ಯಾಹ್ನದ ಪ್ರದರ್ಶನಕ್ಕೆ ಆರೇ ಜನ. ಎಂಟು ಪ್ರದರ್ಶನಕ್ಕೆ ನಿಂತೇಹೋಯಿತು. ಹೆರಾಲ್ಡ್ ಹಾಬ್ಸನ್ ಎಂಬ ವಿಮರ್ಶಕ ಒಬ್ಬನೇ ಅದನ್ನು ಬಾಯಿತುಂಬ ಹೊಗಳಿದ. ಆದರೆ ಅವನದು ಭಾನುವಾರದ ಪತ್ರಿಕೆ. ಬರಹ ಅಚ್ಚಾಗಿ ಬರುವಷ್ಟರಲ್ಲಿ ಹಾಲ್‌ಗೆ ಬೀಗ ಬಿದ್ದಿತ್ತು. ನಾಟಕಕ್ಕೆ ತಕ್ಷಣ ಉಪಯೋಗವಾಗಲಿಲ್ಲ, ನಾಟಕಕಾರನಿಗೆ ಆಯಿತು.

ಇದಕ್ಕೆ ಉಲ್ಟಾ ಪ್ರಸಂಗ 2013ರದ್ದು. ಆನಿ ಬೇಕರ್ ಬರೆದ 'ದಿ ಫ್ಲಿಕ್' ನ್ಯೂಯಾರ್ಕ್‌ನಲ್ಲಿ ರಂಗಕ್ಕೆ ಬಂತು. ಒಂದು ಹಳೇ ಸಿನಿಮಾ ಟಾಕೀಸು. ಆಟ ಮುಗಿದ ಮೇಲೆ ಕಸ ಗುಡಿಸುವ ಕೆಲಸಗಾರರು. ಗುಡಿಸುತ್ತಾರೆ, ಸ್ವಲ್ಪ ಮಾತಾಡುತ್ತಾರೆ, ಮತ್ತೆ ಗುಡಿಸುತ್ತಾರೆ. ಹೀಗೆ ಮೂರು ಗಂಟೆಗೂ ಮೀರಿ. ಪತ್ರಿಕೆಗಳಲ್ಲಿ ಒಳ್ಳೆಯ ಮಾತು ಬಂತು. ಪ್ರೇಕ್ಷಕರಲ್ಲಿ ಕೆಲವರು ಇಂಟರ್ವಲ್‌ನಲ್ಲಿ ಎದ್ದು ಹೋದರು, ದೂರು ಬರೆದರು. ಕೊನೆಗೆ ಥಿಯೇಟರ್‌ನ ಕಲಾ ನಿರ್ದೇಶಕರು ಚಂದಾದಾರರಿಗೆಲ್ಲ ಒಂದು ಪತ್ರ ಬರೆದು, ಈ ನಾಟಕ ಯಾಕೆ ಆರಿಸಿದೆವು, ಯಾಕೆ ಉದ್ದ ಕಡಿಮೆ ಮಾಡಲಿಲ್ಲ ಅಂತ ವಿವರಿಸಬೇಕಾಯಿತು. 2014ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಪ್ರಶಸ್ತಿ ಬಂದಿದ್ದರಿಂದ ಎದ್ದು ಹೋದವರು ದಡ್ಡರು ಅಂತ ಆಗುವುದಿಲ್ಲ. ವರ್ಷಕ್ಕೊಮ್ಮೆ ಚಂದಾ ಕಟ್ಟಿ, ಯಾವ ನಾಟಕ ಅಂತ ನೋಡದೆ ಬಂದವರು ಅವರು. ಮೂರು ಗಂಟೆ ಅವರ ಮೂರು ಗಂಟೆಯೇ ಅಲ್ವಾ? ನನಗೆ ಆ ಪತ್ರವೇ ಇಷ್ಟ. ಜನ ಎದ್ದು ಹೋದದ್ದನ್ನು ಕಂಡೂ ಕಾಣದ ಹಾಗೆ ಇರಲಿಲ್ಲ, ನಾಟಕವನ್ನೂ ಬಿಟ್ಟುಕೊಡಲಿಲ್ಲ.

ಸೂಜಿಯ ಕಥೆ ಇನ್ನೂ ಸ್ವಲ್ಪ ಉಳಿದಿದೆ. ಆ ನಾಟಕದ ಕೊನೆಯ ಪ್ರದರ್ಶನ. ಅಪ್ಪ ಕೂತ, ದಾರ ಒದ್ದೆ ಮಾಡಿದ, ಸೂಜಿಯನ್ನು ಬೆಳಕಿಗೆ ಹಿಡಿದ. ಒಂದೇ ಸಲಕ್ಕೆ ದಾರ ಒಳಗೆ ಹೋಗಿಬಿಟ್ಟಿತು! ಅಷ್ಟು ದಿನದಲ್ಲಿ ಒಮ್ಮೆಯೂ ಹಾಗಾಗಿರಲಿಲ್ಲ. ನಟನಿಗೆ ಏನು ಮಾಡಬೇಕು ಅಂತ ತೋಚಲಿಲ್ಲ. ಮಗಳ ಕೈ ಇನ್ನೂ ಮುಂದೆ ಬಂದೇ ಇರಲಿಲ್ಲ. ಅವನು ದಾರವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಅದನ್ನು ಹೊರಗೆ ಎಳೆದು, ಸೂಜಿಯನ್ನೂ ದಾರವನ್ನೂ ಮೇಜಿನ ಮೇಲಿಟ್ಟು ಅವಳ ಕಡೆ ಸರಿಸಿದ. ಇದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಹಾಲ್‌ನಲ್ಲಿ ಉಸಿರಿನ ಸದ್ದೂ ಇಲ್ಲ. ನಾನೂ ನೋಡುತ್ತಾ ಕೂತುಬಿಟ್ಟೆ. ಲೈಟ್ ನಾಲ್ಕು ಸೆಕೆಂಡ್ ತಡವಾಗಿ ಆರಿತು.

ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ. ಕೆಮ್ಮಬೇಕೆನಿಸಿದರೆ ಕೆಮ್ಮಿ, ನಾನು ಸಮಯ ಬರೆದುಕೊಳ್ಳುತ್ತೇನೆ.