ಹಳೆ ಉಡುಪಿ ಸೀರೆಯಿಂದ ಒಂದು ಸ್ಕಾರ್ಫ್

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯ್ತು.

ಸ್ಕಾರ್ಫ್ ಹೊಲಿಯಲು ಟೈಲರಿಂಗ್ ಕಲಿತಿರಬೇಕು, ಮಿಷನ್ ಇರಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಎರಡೂ ಬೇಡ. ಅದು ಚೆಂದ ಆಗುವುದೋ ಕೆಡುವುದೋ ನಿರ್ಧಾರವಾಗುವುದು ಕತ್ತರಿ ಹಾಕುವಾಗಲೇ. ಹಾಗಾಗಿ ಇವತ್ತು ಹೊಲಿಗೆಗಿಂತ ಬಟ್ಟೆ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ.

ನಮ್ಮ ಕರಾವಳಿಯ ಸೆಕೆಗೆ, ಬೆವರಿಗೆ ಹತ್ತಿಯೇ ಆಗಬೇಕು. ಪಾಲಿಸ್ಟರ್ ಕುತ್ತಿಗೆಗೆ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಅಮ್ಮನದೋ ಅಜ್ಜಿಯದೋ ಹಳೆ ಉಡುಪಿ ಸೀರೆ ಇದ್ದರೆ ಅದಕ್ಕಿಂತ ಒಳ್ಳೆ ಬಟ್ಟೆ ಸಿಗಲಿಕ್ಕಿಲ್ಲ. ಆ ನೂಲಿಗೆ ಗಂಜಿ ಹಾಕಿ ನೇಯುವುದರಿಂದ ಹೊಸದರಲ್ಲಿ ಸ್ವಲ್ಪ ಬಿರುಸು. ಒಗೆದಷ್ಟೂ ಮೆತ್ತಗಾಗುತ್ತದೆ. 2016ರಲ್ಲಿ ಜಿಐ, ಅಂದರೆ ಈ ಊರಿನದೇ ವಿಶೇಷ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಸೀರೆ ಇದು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಂಥವರು ಕಷ್ಟಪಟ್ಟು ಉಳಿಸಿಕೊಂಡು ಬಂದಿದ್ದಾರೆ. ಆದ್ದರಿಂದ ಉಡಲು ಬರುವ ಸೀರೆಗೆ ದಯವಿಟ್ಟು ಕತ್ತರಿ ಹಾಕಬೇಡಿ. ಎಲ್ಲೋ ಹರಿದು ಮೂಲೆ ಸೇರಿದ್ದನ್ನು ಮಾತ್ರ ತೆಗೆಯಿರಿ.

ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಳೆ ಸವೆದ ಕಡೆ ಬೆಳಕು ಜಾಸ್ತಿ ತೂರುತ್ತದೆ. ಹಿಮ್ಮಡಿ ತಾಗುವ ಕೆಳಗಿನ ಅಂಚು, ಪಿನ್ನು ಚುಚ್ಚುವ ಭುಜದ ಜಾಗ ಸಾಮಾನ್ಯವಾಗಿ ಹೋಗಿರುತ್ತವೆ. ಗಟ್ಟಿ ಇರುವ ಕಡೆ 1.8 ಮೀಟರ್ ಉದ್ದ, 50 ಸೆಂ.ಮೀ. ಅಗಲ ಸಿಕ್ಕರೆ ಸಾಕು. ಮೇಲಿನ ಅಂಚನ್ನೂ ಸೇರಿಸಿಕೊಂಡು ಅಳತೆ ಮಾಡಿ. ಅದು ಮಗ್ಗದಲ್ಲೇ ಮುಗಿದ ಅಂಚು, ಆ ಬದಿಗೆ ಹೊಲಿಗೆಯೇ ಬೇಡ.

ಈಗ ಕತ್ತರಿಸುವುದು. ಸ್ಕೇಲ್ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದರೆ ಆಗುವುದಿಲ್ಲ. ಬಟ್ಟೆ ಹಾಸುವಾಗಲೇ ಸ್ವಲ್ಪ ಸೊಟ್ಟ ಆಗಿರುತ್ತದೆ. ಗೆರೆ ನೇರ ಇದ್ದರೂ ಎಳೆ ನೇರ ಇರುವುದಿಲ್ಲ, ಆಮೇಲೆ ಒಗೆದಾಗ ಸ್ಕಾರ್ಫ್ ತಿರುಚಿಕೊಳ್ಳುತ್ತದೆ. ಅದರ ಬದಲು ಅಳತೆ ಮಾಡಿದ ಜಾಗದಲ್ಲಿ ಒಂದು ಸಣ್ಣ ಕಚ್ಚು ಹಾಕಿ. ಅಲ್ಲಿಂದ ಒಂದೇ ಒಂದು ಎಳೆಯನ್ನು ಸೂಜಿ ತುದಿಯಿಂದ ಎಬ್ಬಿಸಿ, ಮೆಲ್ಲಗೆ ಎಳೆಯಿರಿ. ಬಟ್ಟೆ ನೆರಿಗೆ ಕಟ್ಟುತ್ತದೆ, ಹೆದರಬೇಡಿ. ನೆರಿಗೆಯನ್ನು ಬೆರಳಿನಲ್ಲಿ ಮುಂದಕ್ಕೆ ಸರಿಸುತ್ತಾ ಹೋಗಿ. ಎಳೆ ನಡುವೆ ತುಂಡಾದರೆ ಅಲ್ಲಿಯವರೆಗೆ ಕತ್ತರಿಸಿ, ಅದೇ ಎಳೆಯನ್ನು ಮತ್ತೆ ಹಿಡಿಯಿರಿ. ಎಳೆ ಹೋದ ಜಾಗದಲ್ಲಿ ಕೂದಲಿನಷ್ಟು ಸಣ್ಣ ದಾರಿ ಕಾಣುತ್ತದೆ, ಅಲ್ವಾ? ಕತ್ತರಿ ಅದರಲ್ಲೇ ಹೋಗಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. ಆದರೂ ಅವಸರ ಮಾಡಬೇಡಿ.

ಹೊಲಿಗೆ ಸುಲಭ. ಕತ್ತರಿಸಿದ ಉದ್ದದ ಬದಿಯನ್ನು ಅರ್ಧ ಸೆಂ.ಮೀ. ಮಡಚಿ ಇಸ್ತ್ರಿ ಹಾಕಿ. ಮತ್ತೊಮ್ಮೆ ಒಂದು ಸೆಂ.ಮೀ. ಮಡಚಿ ಇಸ್ತ್ರಿ ಹಾಕಿ. ಆಮೇಲೆ ಕೈಯಲ್ಲೇ ಹೆಮ್ಮಿಂಗ್ ಮಾಡಿ, ಅಂದರೆ ಮಡಚಿದ ಅಂಚನ್ನು ಸಣ್ಣ ಹೊಲಿಗೆಯಲ್ಲಿ ಬಟ್ಟೆಗೆ ಕೂರಿಸಿ. ಸೀರೆಗೆ ಫಾಲ್ ಹೊಲಿದು ಅಭ್ಯಾಸ ಇದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸೂಜಿ ಕೆಳಗಿನ ಬಟ್ಟೆಯ ಒಂದೆರಡು ಎಳೆಯನ್ನು ಮಾತ್ರ ಹಿಡಿಯಬೇಕು. ದಾರ ಬಿಗಿ ಎಳೆದರೆ ಅಂಚು ಸುಕ್ಕುಗಟ್ಟುತ್ತದೆ. ಮಿಷನ್ನಿನಲ್ಲಿ ಹೊಲಿಯುವವರು 11ನೇ ನಂಬರಿನ ಸೂಜಿ ಹಾಕಿಕೊಳ್ಳಿ. ಸವೆದ ಬಟ್ಟೆಗೆ ದಪ್ಪ ಸೂಜಿ ತೂತು ಬೀಳಿಸುತ್ತದೆ.

ಎರಡು ತುದಿಗಳಿಗೆ ನಾನಂತೂ ಕುಚ್ಚೇ ಬಿಡುತ್ತೇನೆ. ತುದಿಯಿಂದ ಏಳು ಸೆಂ.ಮೀ. ಒಳಗೆ ಅಡ್ಡಕ್ಕೆ ಒಂದು ಸಾಲು ಹೊಲಿಗೆ ಹಾಕಿ. ಅಲ್ಲಿಯವರೆಗೆ ಅಡ್ಡ ಎಳೆಗಳನ್ನು ಒಂದೊಂದಾಗಿ ತೆಗೆಯಿರಿ. ಉಳಿದ ಉದ್ದದ ಎಳೆಗಳನ್ನು ಸ್ವಲ್ಪ ಸ್ವಲ್ಪ ಹಿಡಿದು, ಹೊಲಿಗೆಗೆ ತಾಗುವ ಹಾಗೆ ಗಂಟು ಹಾಕಿ.

ಹೊಸ ಬಟ್ಟೆ ತರುವವರಿಗೆ ಒಂದು ಮಾತು. ಅಂಗಡಿಯಿಂದ ತಂದ ಹತ್ತಿ ಬಟ್ಟೆಯನ್ನು ಮೊದಲು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿಯೇ ಅಳತೆ ಮಾಡಿ. ಒಗೆದಾಗ ಹತ್ತಿ ಕುಗ್ಗುತ್ತದೆ, ಪಾಲಿಸ್ಟರ್ ದಾರ ಕುಗ್ಗುವುದಿಲ್ಲ. ಹೊಲಿದ ಮೇಲೆ ಕುಗ್ಗಿದರೆ ಅಂಚೆಲ್ಲ ಅಲೆ ಅಲೆಯಾಗುತ್ತದೆ.

ಮೇಜಿನ ಮೇಲೆ ತುಂಡು ಬಟ್ಟೆ, ಸೂಜಿ ಇಟ್ಟಿದ್ದೇವೆ. ಎಲ್ಲರೂ ಒಂದೊಂದು ತೆಗೆದುಕೊಂಡು ಎಳೆ ಬಿಡಿಸಲು ಶುರು ಮಾಡಿ. ನಾನು ನಿಮ್ಮ ಹತ್ತಿರವೇ ಬರುತ್ತೇನೆ.