ಒಂಟಿ ಸೌದೆ ಉರಿಯುವುದಿಲ್ಲ

ಕೇಳುಗರಿಗೆ ನಮಸ್ಕಾರ.

ಸೌದೆ ಒಲೆ ಹಚ್ಚಿದವರಿಗೆ ಗೊತ್ತು, ಒಂಟಿ ಸೌದೆ ಬರೀ ಹೊಗೆಯಾಡುತ್ತದೆ. ಯೆಹೂದ್ಯರ ತಾಲ್ಮುದ್ ಗ್ರಂಥವೂ ಇದನ್ನೇ ಹೇಳುತ್ತದೆ: ಬೆಂಕಿ ಒಂಟಿಯಾಗಿ ಉರಿಯದು, ತೋರಾ ಎಂಬ ಅವರ ಧರ್ಮಗ್ರಂಥದ ಮಾತೂ ಒಂಟಿಯಾಗಿ ಓದುವವನಲ್ಲಿ ನಿಲ್ಲದು. ಅದಕ್ಕೇ ಅವರಲ್ಲಿ ಇಬ್ಬರು ಎದುರುಬದುರು ಕುಳಿತು, ಗಟ್ಟಿಯಾಗಿ ಓದಿ, ಸಾಲುಸಾಲಿಗೂ ವಾದಿಸುತ್ತಾರೆ. ಈ ಜೋಡಿ ಓದಿಗೆ ಹವ್ರೂತಾ ಎಂದು ಹೆಸರು.

ನನಗೆ ಬಹಳ ಪ್ರಿಯವಾದ ಒಂದು ಕಥೆ ಕೇಳಿ. 3ನೆಯ ಶತಮಾನ, ಇಂದಿನ ಇಸ್ರೇಲಿನ ಗಲಿಲಾಯದ ತಿಬೇರಿಯ ಪಟ್ಟಣ. ಅಲ್ಲಿನ ಹಿರಿಯ ಗುರು ರಬ್ಬಿ ಯೋಹಾನಾನ್. ಒಮ್ಮೆ ಅವರು ಯೊರ್ದನ್ ಹೊಳೆಯಲ್ಲಿ ಸ್ನಾನ ಮಾಡುತ್ತಿದ್ದಾಗ ಲಾಕಿಶನ ಮಗ ರೇಶ್ ಲಾಕಿಶ್ ಎಂಬ ದರೋಡೆಕೋರ ನೀರಿಗೆ ಹಾರಿದ. ಗುರುಗಳು ಬೆದರಲಿಲ್ಲ. 'ನಿನ್ನ ಈ ಶಕ್ತಿ ತೋರಾಕ್ಕೆ ಸಲ್ಲಲಿ' ಎಂದರು. ಅವನಿಗೆ ವಿದ್ಯೆ ಕಲಿಸಿದರು, ತಮ್ಮ ಸೋದರಿಯನ್ನೂ ಮದುವೆ ಮಾಡಿಕೊಟ್ಟರು. ದರೋಡೆಕೋರ ದೊಡ್ಡ ಪಂಡಿತನಾದ, ಗುರುವಿನ ಎದುರು ಸರಿಸಮನಾಗಿ ವಾದಕ್ಕೆ ಕುಳಿತ.

ಒಂದು ದಿನ ಕತ್ತಿ, ಚೂರಿಗಳ ಬಗೆಗಿನ ಶಾಸ್ತ್ರವಿಚಾರದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಬಂತು. ಗುರುಗಳು 'ಕಳ್ಳನಿಗೆ ಕಳ್ಳತನದ ಕಸುಬು ಗೊತ್ತೇ ಇರುತ್ತದೆ' ಎಂದುಬಿಟ್ಟರು. ಮಾತು ಎದೆಗೆ ನಾಟಿತು. ಮನಸ್ತಾಪ ಬೆಳೆಯಿತು. ರೇಶ್ ಲಾಕಿಶ್ ಕಾಯಿಲೆ ಬಿದ್ದು ತೀರಿಕೊಂಡ.

ಗುರುಗಳ ಸಂಕಟ ಹೇಳತೀರದು. ಸಮಾಧಾನಕ್ಕೆಂದು ಉಳಿದ ಪಂಡಿತರು ಎಲಾಜಾರ್ ಬೆನ್ ಪೆದಾತ್ ಎಂಬ ಜಾಣ ಪಂಡಿತನನ್ನು ಕಳುಹಿಸಿದರು. ಯೋಹಾನಾನ್ ಏನು ಹೇಳಿದರೂ ಅವನದು ಒಂದೇ ಉತ್ತರ: 'ನಿಮ್ಮ ಮಾತಿಗೆ ಆಧಾರವಿದೆ.' ಕೊನೆಗೆ ಅವರು ಸಿಡಿದರು. 'ನನ್ನ ಮಾತು ಸರಿ ಎಂದು ನನಗೆ ಗೊತ್ತಿಲ್ಲವೇ? ರೇಶ್ ಲಾಕಿಶನಾದರೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ವಿಷಯ ತಾನಾಗಿ ಬೆಳೆಯುತ್ತಿತ್ತು!' ಬಟ್ಟೆ ಹರಿದುಕೊಂಡು, 'ಲಾಕಿಶನ ಮಗನೇ, ಎಲ್ಲಿದ್ದೀಯೆ?' ಎಂದು ಕೂಗುತ್ತ ಅಲೆದರು.

ಆ 24 ಆಕ್ಷೇಪಗಳನ್ನು ಮರೆಯಬೇಡಿ. ಧರ್ಮದ ವಿಚಾರವನ್ನು ಹಂಚುವುದೆಂದರೆ ನಾವು ಹೇಳುತ್ತ ಹೋಗುವುದು, ಎದುರಿನವರು ತಲೆಯಾಡಿಸುವುದು ಎಂದೇ ಅನೇಕರು ತಿಳಿದಿದ್ದಾರೆ. ಅಲ್ಲ, ದಯವಿಟ್ಟು ಕೇಳಿ, ಅಲ್ಲ! ತಿರುಗಿ ಪ್ರಶ್ನೆ ಹಾಕುವವರ ಮುಂದೆ ನಿಮ್ಮ ವಿಚಾರ ಇಡಿ. 'ನಾನೇ ಇನ್ನೂ ಕಲಿತಿಲ್ಲ, ಯಾರಿಗೆ ಏನು ಹೇಳಲಿ' ಎನ್ನುವವರಿಗೂ ತಾಲ್ಮುದ್‌ನಲ್ಲಿ ಮಾತಿದೆ: ಚಿಕ್ಕ ಪುಳ್ಳೆಯೇ ದೊಡ್ಡ ಕೊರಡನ್ನು ಹೊತ್ತಿಸುತ್ತದೆ.

ಇಂದು ರಾತ್ರಿ ಊಟವಾದ ಮೇಲೆ, ನಿಮಗೆ ಹೊಳೆದ ಒಂದು ವಿಚಾರವನ್ನು ಮನೆಯಲ್ಲಿ ಯಾರಿಗಾದರೂ ಹೇಳಿ. ಹೇಳಿ ಸುಮ್ಮನಾಗಬೇಡಿ, 'ಇದರಲ್ಲಿ ತಪ್ಪೆಲ್ಲಿದೆ?' ಎಂದು ಕೇಳಿ. ನಮಸ್ಕಾರ.