ಕೋಮಲ ನಿಷಾದ ಮುಂದಿನ ಸಾಲಿಗೆ ಬರಲೇ ಇಲ್ಲ

ನಮಸ್ಕಾರ. ರಾಯಚೂರಿನಿಂದ ಮಾತಾಡುತ್ತಿದ್ದೇನೆ. ಹಿಂದೆ ಫ್ಯಾನ್ ಸದ್ದು ಕೇಳಿಸುತ್ತದೆ, ಸ್ವಲ್ಪ ಹೊಂದಿಕೊಳ್ಳಿ. ನಮ್ಮೂರ ಬಿಸಿಲಲ್ಲಿ ಫ್ಯಾನ್ ಆರಿಸಿ ರೆಕಾರ್ಡ್ ಮಾಡುವುದು ಆಗದ ಮಾತು.

ನನ್ನದು ಹಗಲು ಡಿಟಿಪಿ ಅಂಗಡಿ, ಸಂಜೆ ಹಾರ್ಮೋನಿಯಂ ಕ್ಲಾಸ್. ಮದುವೆ ಕಾರ್ಡು, ಶ್ರದ್ಧಾಂಜಲಿ ಬ್ಯಾನರು ಮಾಡಿದ ಅದೇ ಕಂಪ್ಯೂಟರಿನಲ್ಲಿ ರಾತ್ರಿ ಕೂತು ಮಕ್ಕಳಿಗೆ ನೊಟೇಶನ್, ಅಂದರೆ ಹಾಡಿನ ಸ್ವರಲಿಪಿ, ಹಾಕುತ್ತೇನೆ. ಇವತ್ತಿನ ಮಾತು ಅದರದೇ ಒಂದು ಜಗಳ: ಸಾಲು ಮುರಿದಾಗ ಸ್ವರ ಏರಿಸುವ, ಇಳಿಸುವ ಗುರುತನ್ನು ಮುಂದಿನ ಸಾಲಿನಲ್ಲಿ ಮತ್ತೆ ಬರೆಯಬೇಕೋ ಬೇಡವೋ. ಈ ಜಗಳ ನನಗೆ ಎರಡೂ ಕಡೆಯಿಂದ ಗೊತ್ತು. ಅಚ್ಚು ಹಾಕುವವನ ಕಷ್ಟವೂ ಗೊತ್ತು, ಹಾಡುವವನ ಕಷ್ಟವೂ ಗೊತ್ತು.

ಹೋದ ವರ್ಷ ಒಂದು ಕಾರ್ಯಕ್ರಮಕ್ಕೆ ಮಕ್ಕಳಿಗೆ ದಾಸರ ಪದ ಕಲಿಸುತ್ತಿದ್ದೆ. ವಿಜಯದಾಸರದು. ನಮ್ಮ ಮಾನವಿ ಕಡೆಯ ಚೀಕಲಪರ್ವಿಯವರು, ಗೊತ್ತಲ್ವಾ. ದೇಶ್ ರಾಗದಲ್ಲಿ ನಾನೇ ಧಾಟಿ ಕೂಡಿಸಿದ್ದೆ. ಹಾಡುವವರು ಹತ್ತು ಮಕ್ಕಳು, ತಬಲಾ, ಹಾರ್ಮೋನಿಯಂ, ಜೊತೆಗೆ ಕೀಬೋರ್ಡ್ ನುಡಿಸುವ ಒಬ್ಬ ಹುಡುಗ. ಅವನಿಗೆ ಐದು ಗೆರೆಯ ಪಾಶ್ಚಾತ್ಯ ಸ್ಟಾಫ್ ನೊಟೇಶನ್ ಮಾತ್ರ ಓದಲು ಬರುತ್ತದೆ, ಸರಿಗಮ ಬರೆದುಕೊಟ್ಟರೆ ಪಿಳಿಪಿಳಿ ನೋಡುತ್ತಾನೆ. ಸರಿ, ಅವನಿಗಾಗಿ ಸಾಫ್ಟ್‌ವೇರ್‌ನಲ್ಲಿ ಕೂತು ಹಾಕಿದೆ.

ದೇಶ್ ರಾಗಕ್ಕೆ ಎರಡು ನಿಷಾದ, ಅಂದರೆ ಎರಡು ಬಗೆಯ ನಿ. ಹತ್ತುವಾಗ ಶುದ್ಧ, ಇಳಿಯುವಾಗ ಕೋಮಲ, ಅಂದರೆ ಅರ್ಧ ಸ್ವರದಷ್ಟು ತಗ್ಗಿಸಿದ್ದು. ಸಾ ಅನ್ನು ಕೀಬೋರ್ಡಿನ ಸಿ ಮೇಲೆ ಇಟ್ಟುಕೊಂಡರೆ ಶುದ್ಧ ನಿ ಅಂದರೆ ಬಿ, ಕೋಮಲ ನಿ ಅಂದರೆ ಬಿ ಫ್ಲಾಟ್.

(ಹಾರ್ಮೋನಿಯಂ ಮೇಲೆ: ಮ ಪ ನಿ ಸಾಂ, ಆಮೇಲೆ ಸಾಂ ನಿ ಧ ಪ)

ಕೇಳಿದಿರಲ್ಲ, ಎರಡು ನಿ ಬೇರೆ ಬೇರೆ. ಹಾಡಿನ ಒಂದು ಕಡೆ ಕೋಮಲ ನಿಷಾದವನ್ನು ಎಳೆದು ಹಿಡಿಯಬೇಕು. ಆ ಎಳೆತ ಮೊದಲ ಸಾಲಿನ ಕೊನೆಯ ಮಾತ್ರೆಯಲ್ಲಿ ಶುರುವಾಗಿ ಎರಡನೇ ಸಾಲಿನ ಮೊದಲ ಮಾತ್ರೆಯಲ್ಲಿ ಮುಗಿಯಿತು. ಮೊದಲ ಸಾಲಿನಲ್ಲಿ ಫ್ಲಾಟ್ ಗುರುತು ಇತ್ತು. ಟೈ ಅಂತಾರಲ್ಲ, ಎರಡು ಸ್ವರ ಕೂಡಿಸುವ ಕಮಾನು, ಅದೂ ಇತ್ತು. ಎರಡನೇ ಸಾಲಿನಲ್ಲಿ ಕಮಾನಿನ ಬಾಲ ಅಷ್ಟೇ ಬಂತು, ಫ್ಲಾಟ್ ಬರಲಿಲ್ಲ.

ಮೊದಲಿನಿಂದ ನುಡಿಸಿದಾಗ ಏನೂ ತೊಂದರೆ ಆಗಲಿಲ್ಲ. ಆದರೆ ರಿಹರ್ಸಲ್ ಅಂದ ಮೇಲೆ ಯಾರು ಮೊದಲಿನಿಂದಲೇ ಶುರು ಮಾಡುತ್ತಾರೆ? ತಬಲಾದವನು ಎಡವಿದ, ನಾನು "ಎರಡನೇ ಸಾಲಿನಿಂದ ಮತ್ತೆ" ಅಂದೆ. ಹುಡುಗ ಎರಡನೇ ಸಾಲು ನೋಡಿದ. ಅಲ್ಲಿ ಬರೀ ಬಿ ಇತ್ತು. ಬರೀ ಬಿ ನುಡಿಸಿದ. ಹತ್ತು ಮಕ್ಕಳು ಕೋಮಲ, ಕೀಬೋರ್ಡ್ ಶುದ್ಧ. ಹಿಂದೆ ಕೂತಿದ್ದ ನಮ್ಮ ಗುರುಗಳು ಎಲೆ ಅಡಿಕೆ ಬಾಯಲ್ಲೇ ಇಟ್ಟುಕೊಂಡು ಕೈ ಎತ್ತಿದರು. "ತಮ್ಮಾ, ದೇಶ್ ಹಾಡಾಕತ್ತೀರೋ, ಜಗಳಾ ಆಡಾಕತ್ತೀರೋ?"

ಹುಡುಗನದು ತಪ್ಪೇ? ಅಲ್ಲ. ಸಾಫ್ಟ್‌ವೇರಿನದೇ? ನಿಯಮ ಪುಸ್ತಕ ಹಿಡಿದು ನೋಡಿದರೆ ಅದರದ್ದೂ ಅಲ್ಲ. ಏರಿಸುವ ಶಾರ್ಪ್ ಇರಲಿ, ಇಳಿಸುವ ಫ್ಲಾಟ್ ಇರಲಿ, ನಡುವೆ ಹಾಕಿದ ಗುರುತು ಬಾರ್ ಲೈನ್ ತನಕ, ಅಂದರೆ ಮಾತ್ರೆಗಳ ಒಂದೊಂದು ಗುಂಪನ್ನು (ಬಾರ್) ಮುಗಿಸುವ ನಿಂತ ಗೆರೆಯ ತನಕ ಮಾತ್ರ ಜೀವಂತ. ಗೆರೆ ದಾಟಿದರೆ ಸತ್ತಂತೆ. ಟೈ ಇದ್ದರೆ ಮಾತ್ರ ದಾಟಿಯೂ ಬದುಕುತ್ತದೆ, ಹೊಸದಾಗಿ ಬರೆಯಬೇಕಿಲ್ಲ. ಹಾಗಾಗಿ ಕಾನೂನು ಪ್ರಕಾರ ನನ್ನ ಹಾಳೆ ಸರಿ. ಓದುವವನ ಕಣ್ಣಿನ ಪ್ರಕಾರ ತಪ್ಪು. ಕಣ್ಣು ಸಾಲಿನ ಕೊನೆಯಿಂದ ಹಾರಿ ಮುಂದಿನ ಸಾಲಿನ ಎಡಕ್ಕೆ ಬರುವಷ್ಟರಲ್ಲಿ ಹಿಂದಿನದು ಮರೆತಿರುತ್ತದೆ, ಅದರಲ್ಲೂ ಹತ್ತು ವರ್ಷದ ಹುಡುಗನ ಕಣ್ಣು.

ನಾನು ಹೇಳುವುದು ಇಷ್ಟೇ: ಸಾಲು ಮುರಿದರೆ ಗುರುತು ಮತ್ತೆ ಬರಬೇಕು. ಟೈ ಇರಲಿ, ಬಿಡಲಿ. ನಿಯಮದ ಪ್ರಕಾರ ಬೇಡವಾದರೂ ಸರಿ, ಬೇಕಾದರೆ ಸುತ್ತ ಕಂಸ ಹಾಕಿ. ಕೆಲವರು ಅದು ಗಲೀಜು ಕಾಣುತ್ತದೆ ಅನ್ನುತ್ತಾರೆ. ಕಾಣಲಿ ಬಿಡಿ. ಹಾಳೆಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತು ಹಾಕುವವರು ನಾವಲ್ಲ.

ಲಿಲಿಪಾಂಡ್ ಅಂತ ನೊಟೇಶನ್ ಹಾಕುವ ಒಂದು ಉಚಿತ ಸಾಫ್ಟ್‌ವೇರ್ ಇದೆ, 1996ರಲ್ಲಿ ಇಬ್ಬರು ಡಚ್ಚರು ಶುರು ಮಾಡಿದ್ದು. ಅದು ಟೈ ಇದ್ದರೂ ಹೊಸ ಸಾಲಿನಲ್ಲಿ ಗುರುತನ್ನು ತಾನಾಗಿಯೇ ಮತ್ತೆ ಹಾಕುತ್ತದೆ, ಬೇಡ ಅಂದರೆ ನಾವೇ ಹೇಳಿ ತೆಗೆಸಬೇಕು. ನನಗೆ ಇದೇ ಸರಿಯಾದ ಬುದ್ಧಿ ಅನ್ನಿಸುತ್ತದೆ. ಅದರಲ್ಲಿ ಸ್ವರದ ಪಕ್ಕ ಆಶ್ಚರ್ಯ ಚಿಹ್ನೆ ಹಾಕಿದರೆ ಗುರುತು ಬಂದೇ ಬರುತ್ತದೆ, ಪ್ರಶ್ನಾರ್ಥಕ ಹಾಕಿದರೆ ಕಂಸದೊಳಗೆ ನೆನಪಿಗಾಗಿ ಬರುತ್ತದೆ. ಮೌಸ್ ಹಿಡಿದು ಚಿತ್ರ ಬಿಡಿಸುವಂತಿಲ್ಲ, ಎಲ್ಲವನ್ನೂ ಅಕ್ಷರದಲ್ಲಿ ಟೈಪ್ ಮಾಡಬೇಕು, ಅದಕ್ಕೆ ಜನ ಹೆದರುತ್ತಾರೆ. ನುಡಿ ಕೀಲಿಮಣೆಯಲ್ಲಿ ಒತ್ತಕ್ಷರ ಹೊಡೆದು ಬೆಳೆದವನಿಗೆ ಅದೇನು ಮಹಾ.

ಆದರೆ ಅದಕ್ಕಿಂತ ಹಿಂದೆಯೇ ನಮ್ಮ ಭಾತಖಂಡೆಯವರು ಈ ಸಮಸ್ಯೆಯನ್ನು ಸಮಸ್ಯೆಯಾಗಲು ಬಿಡಲೇ ಇಲ್ಲ, ನೋಡಿ. ಹಿಂದೂಸ್ತಾನಿ ಸಂಗೀತಕ್ಕೆ ಸ್ವರಲಿಪಿ ಪದ್ಧತಿ ಮಾಡಿಕೊಟ್ಟವರು, 1860ರಲ್ಲಿ ಹುಟ್ಟಿದವರು. ಅವರ ಪದ್ಧತಿಯಲ್ಲಿ ಕೋಮಲ ಸ್ವರಕ್ಕೆ ಕೆಳಗೆ ಅಡ್ಡಗೆರೆ, ತೀವ್ರ ಮಧ್ಯಮಕ್ಕೆ, ಅಂದರೆ ಅರ್ಧ ಸ್ವರ ಏರಿಸಿದ ಮ ಗೆ, ಮೇಲೆ ನಿಂತ ಗೆರೆ. ಪ್ರತಿ ಸಲವೂ. ಕೋಮಲ ನಿ ನೂರು ಸಲ ಬಂದರೆ ನೂರು ಗೆರೆ. ಹಿಂದಿನ ಸ್ವರದ ಗುರುತು ಮುಂದಿನದಕ್ಕೆ ಸಾಲ ಹೋಗುವುದಿಲ್ಲ, ಹಾಗಾಗಿ ರದ್ದು ಮಾಡುವ ನ್ಯಾಚುರಲ್ ಚಿಹ್ನೆಯೂ ಬೇಕಿಲ್ಲ. ಸಾಲನ್ನು ಎಲ್ಲಿ ಕತ್ತರಿಸಿದರೂ ಸ್ವರ ಕೆಡುವುದಿಲ್ಲ. ಲಿಲಿಪಾಂಡ್‌ನಲ್ಲಿ ಇದಕ್ಕೆ ಹತ್ತಿರದ ಒಂದು ಶೈಲಿ ಇದೆ, ಹೆಸರು 'ಫರ್ಗೆಟ್'. ಪ್ರತಿ ಸ್ವರಕ್ಕೂ ಹಿಂದಿನದನ್ನು ಮರೆತು ಹೊಸದಾಗಿ ಗುರುತು ಹಾಕುವುದು. ದೇಶ್, ಖಮಾಜ್, ಎರಡು ನಿಷಾದದ ರಾಗ ಯಾವುದೇ ಇರಲಿ, ಮಕ್ಕಳಿಗೆ ನಾನು ಈಗ ಇದನ್ನೇ ಹಾಕುವುದು.

ಹಾಗಂತ ಭಾತಖಂಡೆ ಪದ್ಧತಿಯಲ್ಲಿ ನಾನು ಸಿಕ್ಕಿಬೀಳಲಿಲ್ಲ ಅಂದುಕೊಳ್ಳಬೇಡಿ. ಇದು ಇನ್ನೂ ನಾಚಿಕೆಯ ಕಥೆ. ಭೈರವಿಯಲ್ಲಿ ಒಂದು ವಚನ ಕೂಡಿಸಿದ್ದೆ. ಭೈರವಿ ಅಂದರೆ ರೆ, ಗ, ಧ, ನಿ ನಾಲ್ಕೂ ಕೋಮಲ. ವರ್ಡ್‌ನಲ್ಲಿ ಕೂತು ಅಂಡರ್‌ಲೈನ್ ಹಾಕಿ ಚೆಂದ ಮಾಡಿದೆ. ಪೋಷಕರ ವಾಟ್ಸ್‌ಆಪ್ ಗ್ರೂಪಿಗೆ ಕಾಪಿ ಮಾಡಿ ಹಾಕಿದೆ. ಅಂಡರ್‌ಲೈನ್ ಅಕ್ಷರದ ಭಾಗ ಅಲ್ಲ, ಬರೀ ಅಲಂಕಾರ, ಅಂಟಿಸುವಾಗ ಹಾರಿಹೋಯಿತು. ಮರುದಿನ ಮಕ್ಕಳು ಮನೆಯಲ್ಲಿ ಹಾರ್ಮೋನಿಯಂ ಮೇಲೆ ಬೆರಳಿಟ್ಟು ಪ್ರಾಕ್ಟೀಸ್ ಮಾಡಿಕೊಂಡು ಬಂದರು. ಎಲ್ಲ ಶುದ್ಧ. ಭೈರವಿ ಹೋಗಿ ಬಿಲಾವಲ್ ಆಗಿತ್ತು. ಒಬ್ಬ ತಾಯಿ ಅಂದರು, "ಸರ್, ಈ ಸಲದ ಹಾಡು ಭಾಳ ಖುಷಿಖುಷಿ ಐತ್ರಿ." ವಚನ ಸಾವಿನ ಬಗ್ಗೆ ಇತ್ತು.

ಆಗ ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿದೆ. ದೊಡ್ಡ ಆರ್ ಅಂದರೆ ಶುದ್ಧ ರೆ, ಚಿಕ್ಕ ಆರ್ ಅಂದರೆ ಕೋಮಲ, ಬಹಳ ಜನ ಹೀಗೆ ಬರೆಯುತ್ತಾರೆ. ಅದೂ ಕೈಕೊಟ್ಟಿತು. ಮೊಬೈಲ್ ಕೀಬೋರ್ಡ್ ಪ್ರತಿ ಹೊಸ ಸಾಲಿನ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುತ್ತದೆ! ಸಾಲಿನ ಮೊದಲು ಕೋಮಲ ರೆ ಇದ್ದರೆ ಕಣ್ಣೆದುರೇ ಶುದ್ಧ. ಮತ್ತೆ ಅದೇ ಜಾಗ ನೋಡಿ, ಸಾಲು ಮುರಿಯುವ ಜಾಗ. ಕನ್ನಡದಲ್ಲಂತೂ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲವೇ ಇಲ್ಲ.

ಈಗ ನಾನು ಮಾಡುತ್ತಿರುವುದು ಬೇರೆ. ಯೂನಿಕೋಡ್‌ನಲ್ಲಿ, ಅಂದರೆ ಅಕ್ಷರಕ್ಕೊಂದು ಸಂಖ್ಯೆ ಕೊಟ್ಟ ಕಂಪ್ಯೂಟರ್ ಪಟ್ಟಿಯಲ್ಲಿ, ವೇದಮಂತ್ರ ಬರೆಯಲು ಎರಡು ಗುರುತುಗಳಿವೆ, ಅಕ್ಷರದ ಮೇಲೆ ನಿಲ್ಲುವ ಗೆರೆ 0951, ಕೆಳಗಿನ ಅಡ್ಡಗೆರೆ 0952. ಮಂತ್ರ ಹೇಳುವವರಿಗೆಂದು ಮಾಡಿದ್ದು, ಆದರೆ ಆಕಾರದಲ್ಲಿ ನಮ್ಮ ತೀವ್ರ ಮತ್ತು ಕೋಮಲದ ಗುರುತುಗಳೇ. ಇವು ಅಲಂಕಾರ ಅಲ್ಲ, ಸ್ವತಃ ಅಕ್ಷರಗಳು, ಕಾಪಿ ಮಾಡಿದರೆ ಜೊತೆಗೇ ಬರುತ್ತವೆ. ಕೆಲವು ಫಾಂಟಿನಲ್ಲಿ ಚುಕ್ಕಿ ವೃತ್ತ ಕಾಣಿಸಿಕೊಂಡು ಪಜೀತಿ ಮಾಡುತ್ತದೆ, ಅದು ನಿಜ. ಕರ್ನಾಟಕ ಸಂಗೀತದವರು ರಿ1, ರಿ2, ಗ3 ಅಂತ ಅಂಕಿ ಹಾಕುತ್ತಾರಲ್ಲ, ಅದು ಯಾವ ಫೋನಿಗೂ ಬಗ್ಗುವುದಿಲ್ಲ, ಹೊಟ್ಟೆಕಿಚ್ಚಾಗುತ್ತದೆ. ಆದರೆ ಎರಡನ್ನೂ ಬೆರೆಸಬೇಡಿ ಮಾರಾಯರೆ. ನಮ್ಮ ಕಡೆ ಒಂದು ಓಣಿಯಲ್ಲಿ ಹಿಂದೂಸ್ತಾನಿ, ಇನ್ನೊಂದು ಓಣಿಯಲ್ಲಿ ಕರ್ನಾಟಕಿ. ಅವರು ಶುದ್ಧ ರಿಷಭ ಅಂದರೆ ಅದು ನಮ್ಮ ಕೋಮಲ ರಿಷಭ. ಹಾಳೆಯ ತಲೆಯ ಮೇಲೆ ಯಾವ ಪದ್ಧತಿ ಅಂತ ಒಂದು ಮಾತು ಬರೆದುಬಿಡಿ.

ಇನ್ನು ಸಾಲು ಎಲ್ಲಿ ಮುರಿಯಬೇಕು ಅನ್ನುವ ಮಾತು. ಮದುವೆ ಕಾರ್ಡಿನಲ್ಲಿ ಸುಖಾಗಮನ ಬಯಸುವವರ ಪಟ್ಟಿ ಇರುತ್ತದಲ್ಲ, ಅಲ್ಲಿ ಯಾರದೋ ಕಾಕಾನ ಹೆಸರು ಅರ್ಧ ಮೇಲೆ, ಅರ್ಧ ಕೆಳಗೆ ಬಂದರೆ ಅಂಗಡಿಗೇ ಬಂದು ಜಗಳ ಆಡುತ್ತಾರೆ. ಅದೇ ಜನ ದಾಸರ ಅಂಕಿತ ಎರಡು ತುಂಡಾದರೆ ಕೇಳುವುದಿಲ್ಲ. ನನ್ನ ಮೊದಲ ಪ್ರಿಂಟಿನಲ್ಲಿ 'ವಿಜಯ' ಒಂದು ಸಾಲು, 'ವಿಠಲ' ಮುಂದಿನ ಸಾಲು. ಮಕ್ಕಳು ವಿಜಯ ಅಂದು ಉಸಿರು ತೆಗೆದುಕೊಂಡರು. ಯಾಕೆ ಅಂದರೆ ಸಾಲು ಮುಗಿದಿತ್ತು, ಪಾಪ. ಹಾಳೆಯಲ್ಲಿ ಸಾಲು ಮುಗಿದರೆ ಮಗುವಿಗೆ ಮಾತೂ ಮುಗಿದಂತೆ. ಮಾನವಿಯ ಜಗನ್ನಾಥದಾಸರ ಅಂಕಿತ ಇನ್ನೂ ಕಷ್ಟ. ಸ್ವರದ ಕೆಳಗೆ ಸಾಹಿತ್ಯ ಕೂರಿಸುವಾಗ ಜ, ಗ, ನ್ನಾ ಅಂತ ಒಡೆಯುವುದೋ, ಜ, ಗನ್, ನಾ ಅಂತ ಒಡೆಯುವುದೋ? ಕಣ್ಣಿಗೆ ಮೊದಲನೆಯದು, ಬಾಯಿಗೆ ಎರಡನೆಯದು. ನಾನು ಮೊದಲನೆಯದನ್ನೇ ಬರೆಯುತ್ತೇನೆ, ಆದರೆ ಅಲ್ಲಿ ಮಾತ್ರ ಸಾಲು ಮುರಿಯಲು ಬಿಡುವುದಿಲ್ಲ.

ಸಾಫ್ಟ್‌ವೇರ್ ಸಾಲು ಮುರಿಯುವುದು ಜಾಗ ನೋಡಿ. ಎಷ್ಟು ಬಾರ್ ಹಿಡಿಯುತ್ತದೋ ಅಷ್ಟು ತುಂಬಿ ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಪಲ್ಲವಿಯೂ ಗೊತ್ತಿಲ್ಲ, ಚರಣವೂ ಗೊತ್ತಿಲ್ಲ. ಹೇಳಬೇಕಾದವರು ನಾವು. ಮ್ಯೂಸ್‌ಸ್ಕೋರ್ ಅನ್ನುವ ಇನ್ನೊಂದು ನೊಟೇಶನ್ ಸಾಫ್ಟ್‌ವೇರ್‌ನಲ್ಲಿ ಬಾರ್ ಲೈನ್ ಆರಿಸಿ ಎಂಟರ್ ಒತ್ತಿದರೆ ಅಲ್ಲಿಗೆ ಸಾಲು ಮುಗಿಯಿತು, ಅಷ್ಟೇ ಕೆಲಸ. ಆದರೆ ಸ್ವರ ಎಲ್ಲ ಹಾಕಿ ಮುಗಿಯುವ ತನಕ ಅದಕ್ಕೆ ಕೈ ಹಾಕಬೇಡಿ, ಆಮೇಲೆ ಒಂದು ಬಾರ್ ಸೇರಿಸಿದರೆ ಕೆಳಗಿನದೆಲ್ಲ ಸರಿಯುತ್ತದೆ. ತೀನತಾಲದ ಬಂದಿಶ್, ಅಂದರೆ ತಾಳಕ್ಕೆ ಕೂಡಿಸಿದ ಹಾಡು, ಆದರೆ ನಾಲ್ಕು ಬಾರ್‌ಗೆ ಒಂದು ಸಾಲು, ಹದಿನಾರು ಮಾತ್ರೆ. ಬಂದಿಶ್ ಖಾಲಿಯಿಂದ, ಅಂದರೆ ಒಂಬತ್ತನೇ ಮಾತ್ರೆಯಿಂದ ಎದ್ದರೆ ಸಾಲೂ ಅಲ್ಲಿಂದಲೇ ಏಳಲಿ, ಸಮ್, ಅಂದರೆ ತಾಳದ ಮೊದಲ ಮಾತ್ರೆ, ನಡುವೆ ಬರಲಿ. ಸಾಲಿನ ಎಡತುದಿಗೆ ಸಮ್ ಇರಲೇಬೇಕು ಅಂತ ಹಟ ಹಿಡಿಯುವವರಿದ್ದಾರೆ, ಅವರು ಹಾಡುವುದಿಲ್ಲ, ಎಣಿಸುತ್ತಾರೆ. ಮೊಬೈಲಿನಲ್ಲಿ ಹದಿನಾರು ಹಿಡಿಯುವುದಿಲ್ಲ. ಅಲ್ಲಿ ಎಂಟೆಂಟು ಮಾಡಿ. ಆರು ಅಥವಾ ಹತ್ತು ಮಾಡಿದರೆ ತಾಳ ಕಣ್ಣಿಗೆ ಸಿಗುವುದಿಲ್ಲ.

ಎಲ್ಲರಿಗೂ ಒಂದೇ ಪುಟದಲ್ಲಿ ಬೇಕು ಅನ್ನುವ ಚಾಳಿ ಇನ್ನೊಂದು. ಕಾಗದ ಉಳಿಸಲು ಇಡೀ ನೊಟೇಶನ್ ಕುಗ್ಗಿಸುತ್ತಾರೆ. ಫ್ಲಾಟ್ ಗುರುತು ಬಿ ಅಕ್ಷರವೋ, ಸೊಳ್ಳೆಯೋ ಗೊತ್ತಾಗುವುದಿಲ್ಲ.

ಹಾರ್ಮೋನಿಯಂ ಜನಕ್ಕೆ ಒಂದು ಮಾತು. ನೀವು ಕಾಳಿ ಒಂದರಲ್ಲಿ, ಅಂದರೆ ಮೊದಲ ಕರಿ ಮನೆಯನ್ನು ಸಾ ಮಾಡಿಕೊಂಡು ಹಾಡುತ್ತೀರಿ, ಅದು ಸಿ ಶಾರ್ಪ್. ಸ್ಟಾಫ್‌ನಲ್ಲೂ ಹಾಗೇ ಬರೆದರೆ ಸಾಲಿನ ತಲೆಗೆ ಏಳು ಶಾರ್ಪ್, ಶುದ್ಧ ನಿ ಬಿ ಶಾರ್ಪ್ ಆಗುತ್ತದೆ, ಕೋಮಲ ನಿಗೆ ನ್ಯಾಚುರಲ್ ಚಿಹ್ನೆ ಬರುತ್ತದೆ. ಡಿ ಫ್ಲಾಟ್ ಅಂತ ಬರೆದರೆ ಕೋಮಲ ನಿ ಸಿ ಫ್ಲಾಟ್! ಬೇಡವೇ ಬೇಡ. ಸಾ ಯಾವಾಗಲೂ ಸಿ ಮೇಲೆ ಬರೆಯಿರಿ, ನುಡಿಸುವವರು ಕೀಬೋರ್ಡಿನಲ್ಲಿ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಒತ್ತಿಕೊಳ್ಳಲಿ. ಆಗ ಫ್ಲಾಟ್ ಕಂಡರೆ ಕೋಮಲ, ಶಾರ್ಪ್ ಕಂಡರೆ ತೀವ್ರ ಮ, ಮಗು ಎರಡು ದಿನದಲ್ಲಿ ಹಿಡಿದುಬಿಡುತ್ತದೆ.

ಮಾಡಿದ್ದನ್ನು ಮ್ಯೂಸಿಕ್‌ಎಕ್ಸ್‌ಎಂಎಲ್‌ನಲ್ಲೂ ಉಳಿಸಿಡಿ, ಬೇರೆ ಬೇರೆ ನೊಟೇಶನ್ ಸಾಫ್ಟ್‌ವೇರ್‌ಗಳು ತೆರೆಯಬಲ್ಲ ಕಡತದ ರೂಪ ಅದು. 2004ರಲ್ಲಿ ಅದರ ಮೊದಲ ಆವೃತ್ತಿ ಬಂತು. ಅದರಲ್ಲಿ ಸ್ವರ ಯಾವುದು ಅನ್ನುವುದು ಬೇರೆ, ಕಣ್ಣಿಗೆ ಗುರುತು ಕಾಣಬೇಕೋ ಬೇಡವೋ ಅನ್ನುವುದು ಬೇರೆ ಅಂತ ಎರಡು ಕಡೆ ಬರೆದಿಡುತ್ತಾರೆ. ಗುರುತು ಹಾರಿದರೂ ಸ್ವರ ಹಾರುವುದಿಲ್ಲ. 1988ರಿಂದ ನಡೆದ ಫಿನಾಲೆ ಅನ್ನುವ ನೊಟೇಶನ್ ಸಾಫ್ಟ್‌ವೇರನ್ನು ಅದರ ಕಂಪನಿ 2024ರ ಆಗಸ್ಟ್‌ನಲ್ಲಿ ನಿಲ್ಲಿಸಿತು. ನಿಮ್ಮದು ನಿಂತಾಗ ಕಡತ ಕೈಯಲ್ಲಿರಲಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಜಾಗ ನನ್ನಿಂದ ಆಗಲಿಲ್ಲ. ಆಲಾಪ. ಹಾಡಿನ ಮೊದಲು ಅರ್ಧ ನಿಮಿಷದ ಆಲಾಪ ಇತ್ತು, ಅದನ್ನೂ ಬರೆಯಲು ಹೋದೆ. ಆಲಾಪಕ್ಕೆ ತಾಳ ಇಲ್ಲ, ತಾಳ ಇಲ್ಲ ಅಂದರೆ ಬಾರ್ ಲೈನ್ ಇಲ್ಲ. ಬಾರ್ ಲೈನ್ ಇಲ್ಲದೆ ಲಿಲಿಪಾಂಡ್‌ಗೆ ಸಾಲು ಮುರಿಯಲು ಜಾಗ ಗೊತ್ತಾಗುವುದಿಲ್ಲ, ಸ್ವರಗಳು ಕಾಗದದ ಬಲ ಅಂಚು ದಾಟಿ ಹೊರಗೆ ನಡೆದವು. ಮೊದಲು ಹಾಕಿದ ಫ್ಲಾಟ್‌ಗೂ ಸಾಯಲು ಜಾಗವಿಲ್ಲ. ಕಾಣದ ಬಾರ್ ಲೈನ್ ಅಲ್ಲಲ್ಲಿ ತೂರಿಸಬಹುದು, ತೂರಿಸಿದೆ ಕೂಡ. ಪ್ರಿಂಟ್ ತೆಗೆದು ನೋಡಿದರೆ ಆಲಾಪ ಹೋಗಿ ಪಾಠ ಒಪ್ಪಿಸಿದ ಹಾಗಿತ್ತು.

ಅಳಿಸಿದೆ. ಆ ಜಾಗದಲ್ಲಿ 'ಆಲಾಪ' ಅಂತ ಒಂದು ಪದ ಬರೆದು ಖಾಲಿ ಬಿಟ್ಟೆ. ಹುಡುಗ ಕೇಳಿದ, "ಸರ್, ಇಲ್ಲಿ ನಾನೇನು ನುಡಿಸಲಿ?"

"ಸಾ ಒತ್ತಿ ಹಿಡ್ಕೊಂಡು ಕೂಡು," ಅಂದೆ.